ತಿರಕವ್ವನ ಮುಡಿ ಬಿಚ್ಚಿಸಿದ ಸಾವುಕಾರ

ಇಷ್ಟೊತ್ತು ತಪ್ಪು ಒಪ್ಪಿಕೊಳ್ಳುವುದು ಅಂದರೇನು ಅಂತ ಮಾತಾಡಿದೆವು. ಬರೀ ತತ್ತ್ವ ಹೇಳುತ್ತಾ ಹೋದರೆ ಹಿಂದೆ ಕೂತವರು ಕಂಬಕ್ಕೆ ಒರಗುತ್ತಾರೆ. ಈಗಾಗಲೇ ಇಬ್ಬರು ಒರಗಿದ್ದಾರೆ. ಇರಲಿ, ದುಡಿದು ಬಂದ ಮೈ. ಅವರಿಗೂ ಎಚ್ಚರವಾಗಲಿ ಅಂತ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಹಳ್ಳ. ಹಳ್ಳದ ದಂಡೆಗೆ ಒಂದೂರು. ಆ ಊರಲ್ಲಿ ಒಬ್ಬ ಸಾವುಕಾರ ಇದ್ದ. ಅವನಿಗೆ ಅಂದಾನೆಪ್ಪ ಅಂತ ಹೆಸರಿಟ್ಟುಕೊಳ್ಳೋಣ. ದೃಷ್ಟಾಂತದ ಸಾವುಕಾರನಿಗೆ ಹೆಸರು ಯಾಕೆ ಅಂತೀರಾ? ಹೆಸರು ಕೊಡದೆ ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. ಪಕ್ಕದ ಮನೆಯವನ ಹೆಸರು ಹಾಕಿಕೊಂಡು ಕೇಳುತ್ತೀರಿ! ಅದಕ್ಕೇ ಮೊದಲೇ ಕೊಟ್ಟುಬಿಟ್ಟೆ.

ಆ ಹಳ್ಳದ ಮರಳಿನಲ್ಲಿ ಬಂಗಾರ ಇತ್ತು. ಗಟ್ಟಿ ಬಂಗಾರ ಅಲ್ಲ, ರವೆ ಬಂಗಾರ. ಮಳೆ ಬಂದಾಗ ಗುಡ್ಡ ತೊಳೆದ ನೀರು ಅದನ್ನು ತಂದು, ಹಳ್ಳ ತಿರುವುವ ಕಡೆ ಮರಳಿನ ಹೊಟ್ಟೆಯೊಳಗೆ ಬಿಟ್ಟು ಹೋಗುತ್ತಿತ್ತು. ಆ ಮರಳು ತೊಳೆದು ಬಂಗಾರ ತೆಗೆಯುವವರಿಗೆ ಜಲಗಾರರು ಅಂತ ಹೆಸರು. ಅವರ ಕೈಯಲ್ಲಿ ಮರಿಗೆ ಇರುತ್ತದೆ, ಮರದ ಅಗಲವಾದ ತಟ್ಟೆ ಅಂದುಕೊಳ್ಳಿ. ಅದರಲ್ಲಿ ಮರಳು ಹಾಕಿ, ನೀರಲ್ಲಿ ಅದ್ದಿ, ಹೆಂಟೆ ಒಡೆದು, ಕಲ್ಲು ಆಯ್ದು ಎಸೆದು, ತೊಟ್ಟಿಲು ತೂಗಿದ ಹಾಗೆ ತೂಗುತ್ತಾರೆ. ಹಗುರ ಮರಳು ಅಂಚು ದಾಟಿ ನೀರಿನ ಜೊತೆ ಹೋಗುತ್ತದೆ. ಭಾರದ ಕಪ್ಪು ಮರಳು ತಳದಲ್ಲಿ ಉಳಿಯುತ್ತದೆ. ಅದಕ್ಕೂ ಭಾರ ಬಂಗಾರ, ಅದು ಕಪ್ಪು ಮರಳಿಗಿಂತ ಹಿಂದೆ ಉಳಿಯುತ್ತದೆ. ಇದರಲ್ಲಿ ಮಂತ್ರ ಇಲ್ಲ, ತಂತ್ರ ಇಲ್ಲ. ಹಗುರಾದದ್ದು ಹೋಗುತ್ತದೆ, ಭಾರದ್ದು ನಿಲ್ಲುತ್ತದೆ. ನೀರು ನಿಧಾನ ಇರಬೇಕು, ಅಷ್ಟೇ.

ಅಂದಾನೆಪ್ಪನ ಅಪ್ಪ, ಅಜ್ಜ ಎಲ್ಲ ಈ ಕಸುಬನ್ನೇ ಮಾಡಿಸಿದವರು. ಇವನೂ ಹುಡುಗನಾಗಿದ್ದಾಗ ಮರಿಗೆ ಹಿಡಿದು ಕಲಿತವನು. ದೊಡ್ಡವನಾದ ಮೇಲೆ ಕೈಯಲ್ಲಿ ತೊಳೆದರೆ ಸಾಲದು ಅಂತ, ಹಲಗೆ ಜೋಡಿಸಿ ಉದ್ದನೆಯ ಕಾಲುವೆ ಕಟ್ಟಿಸಿದ. ಅದರ ತಳಕ್ಕೆ ಕಂಬಳಿ ಹಾಸಿ, ಮೇಲೆ ಅಡ್ಡಡ್ಡ ಮರದ ಪಟ್ಟಿ ಹೊಡೆಸಿದ. ಮೇಲಿನ ತುದಿಗೆ ಮರಳು, ನೀರು ಬಿಟ್ಟರೆ ಮರಳು ಹರಿದು ಕೆಳಗಿನ ತುದಿಯಲ್ಲಿ ಗುಡ್ಡೆ ಬೀಳುತ್ತಿತ್ತು, ಬಂಗಾರ ಪಟ್ಟಿಯ ಮರೆಗೆ, ಕಂಬಳಿಯ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ದಿನದ ಕೊನೆಗೆ ಕಂಬಳಿ ತೆಗೆದು ಬಾನಿಯಲ್ಲಿ ಜಾಲಾಡಿಸಿದರೆ ಕಪ್ಪು ಮರಳು, ಬಂಗಾರ ಎರಡೂ ಕೂಡಿ ಇಳಿಯುತ್ತಿದ್ದವು. ಅದನ್ನು ಕೊನೆಯದಾಗಿ ಮರಿಗೆಯಲ್ಲಿ ತೊಳೆದು ಬಂಗಾರ ಬೇರೆ ಮಾಡುವುದು ಸೂಕ್ಷ್ಮದ ಕೆಲಸ. ಕೈ ಹಗುರ ಇರಬೇಕು, ನಂಬಿಕೆಯ ಮನುಷ್ಯರಾಗಿರಬೇಕು. ಆ ಕೆಲಸ ತಿರಕವ್ವ ಎನ್ನುವ ಹೆಂಗಸಿನದಾಗಿತ್ತು. ಗಂಡ ಇಲ್ಲ, ಮದುವೆಗೆ ಬಂದ ಮಗಳು ಒಬ್ಬಳು. ಸಾವುಕಾರನ ಹೆಂಡತಿ ನೀಲವ್ವ ಊರಿಗೆ ಹೋದರೆ ಅಡುಗೆಮನೆಯ ಕೀಲಿಕೈ ತಿರಕವ್ವನ ಕೈಗೆ ಕೊಟ್ಟು ಹೋಗುತ್ತಿದ್ದಳು. ಅಂಥ ನಂಬಿಕೆ.

ಹೀಗಿರುವಾಗ ಒಂದು ದಿನ ಊರ ಗುಡಿಯಲ್ಲಿ ನಾಲ್ಕು ಮಂದಿ ಸೇರಿದ್ದರು. ಹಳೆಯ ಕಳಸಕ್ಕೆ ಬಂಗಾರದ ಹೊದಿಕೆ ಹಾಕಿಸಿದರೆ ಹೇಗೆ ಅಂತ ಮಾತು ಬಂತು. ಅಂದಾನೆಪ್ಪ ಎದ್ದು ನಿಂತು ಹೇಳಿಯೇಬಿಟ್ಟ: "ಹೊದಿಕಿ ಬಂಗಾರ ನಂದು. ಈ ದೀಪಾವಳಿಗೆ ಕಳಸ ಏರಲಿಕ್ಕೇ ಬೇಕು."

ಎಲ್ಲರೂ ಹೌದಪ್ಪಾ ಹೌದು ಅಂದರು. ನೋಡಿ, ದೇವರು ಕೇಳಿದ್ದನಾ? ದೇವರು ಕೇಳಿರಲಿಲ್ಲ. ದೀಪಾವಳಿಗೇ ಬೇಕು ಅಂತ ದೇವರೇನಾದರೂ ಹಟ ಹಿಡಿದಿದ್ದನಾ? ಇಲ್ಲ. ಆದರೆ ಮಂದಿಯ ಮುಂದೆ ಮಾತು ಹೊರಬಿತ್ತು. ದೀಪಾವಳಿಯ ಹೊತ್ತಿಗೆ ಹಳ್ಳದ ನೀರೂ ಬತ್ತುತ್ತದೆ. ಅದರೊಳಗೆ ಬಂಗಾರ ಕೂಡಬೇಕು. ಅವಸರ ಹತ್ತಿತು.

ಸಾವುಕಾರ ಏನು ಮಾಡಿದ? ಕಾಲುವೆಯ ತಲೆಯ ಕಡೆ ಹಲಗೆಯ ಕೆಳಗೆ ಕಲ್ಲು ಕೊಡಿಸಿ ಎತ್ತರ ಮಾಡಿಸಿದ. ಇಳಿಜಾರು ಹೆಚ್ಚಾಯಿತು, ನೀರು ಜೋರಾಯಿತು. ಮರಳು ಹಾಕಿದ್ದೇ ತಡ ಸರ್ರನೆ ಹೋಗತೊಡಗಿತು. ಆಳುಗಳಿಗೆ ಖುಷಿ, ಸಾವುಕಾರನಿಗೆ ಖುಷಿ. ಕೆಳಗೆ ಮರಳಿನ ಗುಡ್ಡೆ ದಿನದಿಂದ ದಿನಕ್ಕೆ ಬೆಳೆಯಿತು. ಅಷ್ಟು ಮರಳು ತೊಳೆದ ಮೇಲೆ ಬಂಗಾರವೂ ಹೆಚ್ಚಾಗಬೇಕಲ್ಲವೇ? ಆಗಲಿಲ್ಲ. ಹೆಚ್ಚಾಗುವುದಿರಲಿ, ಮೊದಲಿನಷ್ಟೂ ಬರಲಿಲ್ಲ. ಮರಿಗೆಯ ತಳದಲ್ಲಿ ಎಳೆದ ರೇಖೆಯ ಹಾಗೆ ಕಾಣುತ್ತಿದ್ದ ಹಳದಿ, ಈಗ ಅಲ್ಲೊಂದು ಇಲ್ಲೊಂದು ಚುಕ್ಕಿಯಾಯಿತು.

"ಏನ ತಿರಕವ್ವ, ಬಂಗಾರ ಯಾಕ ಕಡಿಮಿ ಬರಾಕತ್ತೈತಿ?" ಅಂತ ಕೇಳಿದ.

"ಈ ತಿರುವಿನ ಮರಳಾಗ ಇಲ್ಲ ಅನಸ್ತೈತ್ರಿ. ಮ್ಯಾಲಿನ ತಿರುವಿಗೆ ಹೋದ್ರ ಚಲೋ ಏನೋ," ಅಂದಳು.

ಅವಳೂ ಹಾಗೇ ತಿಳಿದಿದ್ದಳು. ಆದರೆ ಅವನ ಕಿವಿಗೆ ಅದು ಬೇರೆಯೇ ಕೇಳಿಸಿತು. ಮರಳಲ್ಲಿ ಬಂಗಾರ ಇಲ್ಲವಂತೆ. ಅಪ್ಪನ ಕಾಲದಿಂದ ಇದ್ದದ್ದು ಈಗ ಇಲ್ಲವಂತೆ! ಕಂಬಳಿಯಿಂದ ಬಾನಿಗೆ ಬಂದದ್ದು ಯಾರ ಕೈಗೆ ಹೋಗುತ್ತದೆ? ಇವಳ ಕೈಗೆ. ಮನೆಯಲ್ಲಿ ಮದುವೆಗೆ ಬಂದ ಮಗಳು ಯಾರಿಗಿದ್ದಾಳೆ? ಇವಳಿಗೆ. ಅನುಮಾನಕ್ಕೆ ಇಷ್ಟು ಸಾಕು. ಅನುಮಾನ ಒಮ್ಮೆ ಕೂತಿತೆಂದರೆ, ಎದುರಿನವರು ನಕ್ಕರೂ ಕಳ್ಳರ ಹಾಗೆ ಕಾಣುತ್ತಾರೆ, ಸುಮ್ಮನಿದ್ದರೂ ಕಳ್ಳರ ಹಾಗೆ ಕಾಣುತ್ತಾರೆ.

ಒಂದು ದಿನ ಇಳಿಹೊತ್ತಿನಲ್ಲಿ, ಆಳುಮಂದಿ ಎಲ್ಲ ದಂಡೆಯ ಮೇಲೆ ಇದ್ದಾಗ, ಹಳ್ಳ ದಾಟಿ ಹೋಗುವ ಊರವರೂ ನಾಲ್ಕಾರು ಮಂದಿ ನಿಂತಿದ್ದಾಗ, ಅವನು ಅವಳ ಮರಿಗೆಯನ್ನು ಕಸಿದು ನೋಡಿದ. ತಳದಲ್ಲಿ ಗುಲಗಂಜಿ ತೂಕದಷ್ಟೂ ಇರಲಿಲ್ಲ.

"ಉಳದದ್ದು ಎಲ್ಲಿ ಐತಿ?"

"ಎಲ್ಲಿ ಅಂದ್ರ? ಬಂದದ್ದು ಇಷ್ಟರೀ."

"ಮುಡ್ಯಾಗ ಐತೇನು? ಉಡ್ಯಾಗ ಐತೇನು? ಬಿಚ್ಚ ಮುಡಿ!"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಎದ್ದು ನಿಂತಳು. ಸಾವುಕಾರ ಇಬ್ಬರು ಹೆಂಗಸರನ್ನು ಕರೆದು ಅವಳ ಮುಡಿ ಬಿಚ್ಚಿಸಿದ. ಕೂದಲನ್ನು ಬಾನಿಯ ಮೇಲೆ ಕೊಡವಿಸಿದ. ಸೀರೆಯ ಸೆರಗಿನ ಗಂಟು ಬಿಡಿಸಿ ನೋಡಿಸಿದ. ಉಗುರಿನ ಸಂದಿ ನೋಡಿಸಿದ. ಏನು ಸಿಕ್ಕಿತು? ಸೆರಗಿನ ಗಂಟಿನಲ್ಲಿ ಎರಡು ಅಡಿಕೆ ಹೋಳು ಸಿಕ್ಕವು.

ಏನೂ ಸಿಗಲಿಲ್ಲವಲ್ಲ, ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಿತಾ? "ನುಂಗಿರಬೇಕು ಇಲ್ಲಾ ನಿನ್ನೇನ ಒಯ್ದಿರಬೇಕು. ನಾಳಿಂದ ಈ ಕಡೆ ಬರಬ್ಯಾಡ," ಅಂದ. ನೋಡಿ, ಸಾಕ್ಷಿ ಸಿಕ್ಕರೂ ಅನುಮಾನ ಬೆಳೆಯುತ್ತದೆ, ಸಾಕ್ಷಿ ಸಿಗದಿದ್ದರೆ ಇನ್ನೂ ಬೆಳೆಯುತ್ತದೆ.

ತಿರಕವ್ವ ನೆಲದ ಮೇಲೆ ಬಿದ್ದ ಅಡಿಕೆ ಹೋಳುಗಳನ್ನು ಆರಿಸಿಕೊಂಡು, ಬಿಚ್ಚಿದ ಕೂದಲಲ್ಲೇ ಊರೊಳಗೆ ನಡೆದುಹೋದಳು.

ಆಮೇಲೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕೇ? ಅವಳು ಯಾರ ಮನೆಗೆ ಕೆಲಸಕ್ಕೆ ಹೋದರೂ, ಅವಳು ಹೊರಟ ಮೇಲೆ ಆ ಮನೆಯವರು ಪಾತ್ರೆ ಎಣಿಸಿದರು. ಬಾಯಲ್ಲಿ ಯಾರೂ ಕಳ್ಳಿ ಅನ್ನಲಿಲ್ಲ, ಎಣಿಸಿದರು ಅಷ್ಟೇ. ಮಗಳಿಗೆ ಗೊತ್ತುಮಾಡಿದ್ದ ಗಂಡಿನ ಕಡೆಯವರು "ಈ ವರ್ಷ ನಮಗ ಅನುಕೂಲ ಇಲ್ಲ" ಅಂತ ಹೇಳಿಕಳಿಸಿದರು. ಗುಡಿಗೆ ಹೋಗುವುದನ್ನು ಬಿಟ್ಟಳು. ನೀರಿಗೆ ಹೋಗುವಾಗ ಊರ ನಡುವಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತಿಕೊಂಡು ಹೋಗತೊಡಗಿದಳು.

ಇತ್ತ ಸಾವುಕಾರ ಅವಳ ಜಾಗಕ್ಕೆ ಇನ್ನೊಬ್ಬಳನ್ನು ಕೂಡಿಸಿದ. ಬಂಗಾರ ಹೆಚ್ಚಾಯಿತಾ? ಇಲ್ಲ. ಇವಳೂ ಅದೇ ಜಾತಿಯ ಕಳ್ಳಿ ಅಂದುಕೊಂಡ. ಅವಳನ್ನೂ ಎಬ್ಬಿಸಿ, ಯಾರನ್ನೂ ನಂಬುವ ಕಾಲವಲ್ಲ ಇದು ಅಂತ, ತಾನೇ ಧೋತರದ ಕಚ್ಚೆ ಬಿಗಿದು ಬಾನಿಯ ಮುಂದೆ ಕೂತ. ತಾನೇ ಕಂಬಳಿ ತೆಗೆದ, ತಾನೇ ಜಾಲಾಡಿಸಿದ, ತಾನೇ ಮರಿಗೆ ತೂಗಿದ. ಹುಡುಗನಿದ್ದಾಗ ಕಲಿತ ಕೈ, ಮರೆತಿರಲಿಲ್ಲ. ಕಪ್ಪು ಮರಳು ನಿಧಾನಕ್ಕೆ ಸರಿಯಿತು. ತಳ ಕಂಡಿತು. ಅಲ್ಲೊಂದು ಚುಕ್ಕಿ, ಇಲ್ಲೊಂದು ಚುಕ್ಕಿ.

ಈಗ ಯಾರ ಮುಡಿ ಬಿಚ್ಚಿಸಬೇಕು, ಹೇಳಿ?

ಅವನು ಮರಿಗೆಯನ್ನು ಕೆಳಗಿಟ್ಟ. ನೀರಿನಲ್ಲಿ ನೆನೆದ ಬೆರಳು ಬೆಳ್ಳಗಾಗಿದ್ದವು. ಆಮೇಲೆ ಎದ್ದು, ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ, ಕಾಲುವೆಯ ಗುಂಟ ಕೆಳಗಿನ ತುದಿಗೆ ನಡೆದ. ಅಲ್ಲಿ ತೊಳೆದು ಬಿಟ್ಟ ಮರಳಿನ ಗುಡ್ಡೆ ಇತ್ತು. ಅದು ಬೇಡವಾದ ಮರಳು, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಬಿಸಿಲು ಓರೆಯಾಗಿ ಬಿದ್ದಿತ್ತು. ಗುಡ್ಡೆಯ ಮೈಯಲ್ಲಿ ಅಲ್ಲಲ್ಲಿ ಕಪ್ಪು ಪಟ್ಟೆ ಕಂಡವು.

ಕಪ್ಪು ಮರಳು ಭಾರದ್ದು. ಅದು ಮೇಲೆ ಕಂಬಳಿಯಲ್ಲಿ ಉಳಿಯಬೇಕಾದದ್ದು. ಅದೇ ಇಲ್ಲಿವರೆಗೆ ಹರಿದು ಬಂದಿದೆ ಅಂದರೆ?

ಆ ಗುಡ್ಡೆಯಿಂದಲೇ ಒಂದು ಮರಿಗೆ ತುಂಬಿಕೊಂಡು ಹಳ್ಳಕ್ಕಿಳಿದ. ತೂಗಿದ, ತೊಳೆದ, ಮತ್ತೆ ತೂಗಿದ. ಮರಿಗೆಯ ತಳದಲ್ಲಿ ಹಳದಿ ಗೆರೆ ಬಿತ್ತು. ಯಾರೂ ಕದ್ದಿರಲಿಲ್ಲ. ಅವನೇ ಕಲ್ಲು ಕೊಡಿಸಿ ಎತ್ತರಿಸಿದ ಕಾಲುವೆಯಲ್ಲಿ, ಅವನೇ ಜೋರು ಮಾಡಿದ ನೀರಿನಲ್ಲಿ, ಅವನದೇ ಬಂಗಾರ ಹರಿದು ಹೋಗಿತ್ತು. ನಿಧಾನದ ನೀರಿಗೆ ಭಾರ ಯಾವುದು, ಹಗುರ ಯಾವುದು ಗೊತ್ತಾಗುತ್ತದೆ. ಅವಸರದ ನೀರು ಎರಡನ್ನೂ ಒಟ್ಟಿಗೇ ಎಳೆದುಕೊಂಡು ಹೋಗುತ್ತದೆ.

ಅವತ್ತೇ ಆ ಕಲ್ಲು ತೆಗೆಸಿದ. ಇಳಿಜಾರು ಮೊದಲಿನ ಹಾಗಾಯಿತು. ಗುಡ್ಡೆಯ ಮರಳನ್ನು ಮತ್ತೆ ಮೇಲಿನಿಂದ ಬಿಡಿಸಿದ. ಹೋದ ಬಂಗಾರ ಬಹುಪಾಲು ಸಿಕ್ಕಿತು. ಕಾಲುವೆ ಸರಿಮಾಡುವುದು ಎಷ್ಟು ಸುಲಭ ನೋಡಿ! ಒಂದು ಕಲ್ಲು ತೆಗೆದರೆ ಆಯಿತು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು:

"ಮತ್ತ ತಿರಕವ್ವ?"

"ಅದನ್ನೂ ವಿಚಾರ ಮಾಡೀನಿ. ಒಂದು ಚೀಲ ಜೋಳ, ಒಂದು ಇಳಕಲ್ ಸೀರಿ ಕೊಟ್ಟ ಬರ್ತೀನಿ. ತಪ್ಪಾತು ಅಂತೀನಿ."

"ಯಾವಾಗ ಹೋಗ್ತೀರಿ?"

"ಹೊತ್ತು ಮುಳುಗಲಿ."

ನೀಲವ್ವ ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಹೊತ್ತು ಮುಳುಗಿದ ಮೇಲೆ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು, ಆಳಿನ ಹೆಗಲ ಮೇಲೆ ಚೀಲ ಹೊರಿಸಿ, ಸೀರೆಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಹೋದ. ತಿರಕವ್ವ ಬಾಗಿಲಿಗೆ ಬಂದಳು. ಅವನು ದನಿ ತಗ್ಗಿಸಿ ನಡೆದದ್ದು ಹೇಳಿದ. ಬಂಗಾರ ಸಿಕ್ಕಿತು, ನಿನ್ನದೇನೂ ಇಲ್ಲ, ತಪ್ಪಾಯಿತು, ಇದನ್ನು ಇಟ್ಟುಕೊ ಅಂದ.

ಅವಳು ಚೀಲ ನೋಡಿದಳು, ಸೀರೆ ನೋಡಿದಳು, ಅವನ ಹಿಂದಿನ ಖಾಲಿ ಓಣಿಯನ್ನು ನೋಡಿದಳು.

"ಸಾವುಕಾರ್ರ, ನನ್ನ ಮುಡಿ ಬಿಚ್ಚಿಸಿದ್ದು ಹಗಲಾಗ. ಮಂದಿ ಮುಂದ. ನೀವು ಈಗ ಹೇಳಿದ್ದು ನನಗ ಮೊದಲ ಗೊತ್ತಿತ್ರಿ, ನಾ ಕದ್ದಿಲ್ಲ ಅನ್ನೂದು. ಗೊತ್ತಿಲ್ಲದವ್ರಿಗೆ ಹೇಳ್ರಿ."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಚೀಲ ಹೊತ್ತ ಆಳು ಹೊತ್ತುಕೊಂಡೇ ವಾಪಸು ಬಂದ.

ಸಾವುಕಾರನಿಗೆ ಸಿಟ್ಟು ಬಂತು. ಬರದೇ ಇರುತ್ತದಾ? ನನ್ನಂಥವನು ಅವಳ ಹೊಸ್ತಿಲ ತನಕ ಹೋದೆ, ಸೀರೆ ಕೊಟ್ಟೆ, ತಪ್ಪಾಯಿತು ಅಂದೆ, ಇನ್ನೇನು ಬೇಕಂತೆ? ಮಂದಿಯ ಮುಂದೆ ಹೇಳಿದರೆ ನಾಳೆ ಆಳುಗಳು ನನ್ನ ಮಾತು ಕೇಳುತ್ತಾರಾ? ಸಾವುಕಾರನ ಬುದ್ಧಿ ಇಷ್ಟೇ ನೋಡು ಅನ್ನುವುದಿಲ್ಲವಾ? ಹೀಗೆ ಹಲವು ದಿನ ತನ್ನೊಳಗೇ ವಾದ ಹೂಡಿದ. ವಾದದಲ್ಲಿ ಗೆಲ್ಲುತ್ತಲೂ ಇದ್ದ. ಆದರೆ ಊಟ ಮಾತ್ರ ಸೇರುತ್ತಿರಲಿಲ್ಲ. ತಟ್ಟೆಗೆ ಕೂತರೆ, ನೆಲದ ಮೇಲಿನ ಅಡಿಕೆ ಹೋಳು ಆರಿಸುವ ಕೈ ಕಣ್ಣ ಮುಂದೆ ಬರುತ್ತಿತ್ತು.

ದೀಪಾವಳಿ ಬಂತು. ಬಂಗಾರ ಕೂಡಿತ್ತು, ಅಕ್ಕಸಾಲಿಗ ಹೊದಿಕೆ ಮಾಡಿ ಮುಗಿಸಿದ್ದ. ಕಳಸ ಏರಿಸುವ ದಿನ ಊರಿಗೆ ಊರೇ ಗುಡಿಯ ಅಂಗಳದಲ್ಲಿ ಸೇರಿತು. ಸಾವುಕಾರನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಪೂಜಾರಿ ಕೇಳಿದ: "ಏರಿಸೂಣೇನ್ರಿ ಸಾವುಕಾರ್ರ?"

ಅಂದಾನೆಪ್ಪ ಹೂಂ ಅನ್ನಲು ಬಾಯಿ ತೆರೆದ. ಹೂಂ ಬರಲಿಲ್ಲ.

"ತಡೀರಿ," ಅಂದ. "ಒಂದೀಟು ಕೆಲಸ ಉಳದೈತಿ."

ಶಾಲು ತೆಗೆದು ನೀಲವ್ವನ ಕೈಗೆ ಕೊಟ್ಟು ಅಂಗಳ ದಾಟಿ ನಡೆದ. ಎಲ್ಲಿಗೆ ಹೊರಟ ಅಂತ ನೋಡಲು ಒಬ್ಬ ಹಿಂದೆ ಹೋದ, ಅವನ ಹಿಂದೆ ಇಬ್ಬರು, ಅವರ ಹಿಂದೆ ಅಂಗಳದಲ್ಲಿದ್ದವರೆಲ್ಲ. ತಿರಕವ್ವನ ಮನೆಯ ಮುಂದೆ ಹೋಗಿ ನಿಂತ. ಗದ್ದಲ ಕೇಳಿ ಅವಳು ಹೊರಗೆ ಬಂದಳು. ಹಿಂದೆ ಮಗಳು ಬಾಗಿಲು ಹಿಡಿದು ನಿಂತಳು.

"ತಿರಕವ್ವ," ಅಂದ. ಗಂಟಲು ಒಣಗಿತು. "ಹಳ್ಳದ ದಂಡ್ಯಾಗ... ಅವತ್ತು... ಏನೋ ತಪ್ಪು ತಿಳುವಳಿಕಿ ಆತು."

"ಯಾರಿಗೆ ಆತ್ರಿ?" ಅಂತ ಕೇಳಿದಳು.

ಸಾವುಕಾರ ತಲೆ ಎತ್ತಿದ.

"ಆಗಲಿಲ್ಲ. ನಾ ಮಾಡಿದೆ," ಅಂದ. ಮಂದಿಯ ಕಡೆ ತಿರುಗಿದ. "ಕೇಳ್ರಿ ಎಲ್ಲಾರೂ. ಈಕಿ ನನ್ನ ಬಂಗಾರ ಕದ್ದಿಲ್ಲ. ಕಾಲುವಿ ನಾ ಎತ್ತರಿಸಿದೆ, ಬಂಗಾರ ನೀರಿನ ಕೂಡ ಹೋತು. ಅದು ನನ್ನ ತಪ್ಪು. ಏನೂ ಸಾಕ್ಷಿ ಇಲ್ದ ಈಕೀನ ಕಳ್ಳಿ ಅಂದೆ, ನಿಮ್ಮೆಲ್ಲರ ಮುಂದ ಈಕಿ ಮುಡಿ ಬಿಚ್ಚಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಖರೆ ಗೊತ್ತಾದ ಮ್ಯಾಲೂ ಬಾಯಿ ಮುಚ್ಚಿಕೊಂಡು ಕುಂತೆ. ಇವು ಮೂರೂ ನಾ ಮಾಡೀನಿ."

ತಿರಕವ್ವ ಅಳಲಿಲ್ಲ. ಅವನ ಕಾಲಿಗೂ ಬೀಳಲಿಲ್ಲ, ಅವನನ್ನು ಕಾಲಿಗೆ ಬೀಳಿಸಲೂ ಇಲ್ಲ. "ಈಗ ಸರಿ ಆತ್ರಿ," ಅಂದಳು. ಮಗಳ ಕಡೆ ತಿರುಗಿ, "ನೀರು ಕೊಡ ಅವರಿಗೆ, ಗಂಟಲಾ ಒಣಗೈತಿ," ಅಂದಳು.

ಕಳಸ ಅವತ್ತು ತಡವಾಗಿ ಏರಿತು, ಅಷ್ಟೇ. ತಿರಕವ್ವ ಎಲ್ಲರ ಜೊತೆ ನಿಂತು ನೋಡಿದಳು.

ಕಥೆ ಸುಖವಾಗಿ ಮುಗಿಯಿತು ಅಂತ ಏಳಬೇಡಿ, ಇನ್ನೂ ಸ್ವಲ್ಪ ಇದೆ. ಬಿಟ್ಟುಹೋದ ಆ ಸಂಬಂಧ ತಿರುಗಿ ಬರಲಿಲ್ಲ. ಆ ಹುಡುಗನಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆ ಆಗಿತ್ತು. ಮಗಳಿಗೆ ಮುಂದೆ ಇನ್ನೊಂದು ಕಡೆ ಕೂಡಿಬಂತು, ಒಳ್ಳೆಯ ಮನೆಯೇ. ತಿರಕವ್ವ ಮುಂದಿನ ಮಳೆಗಾಲದಲ್ಲಿ ಹಳ್ಳಕ್ಕೆ ಕೆಲಸಕ್ಕೂ ಬಂದಳು. ಆದರೆ ಕೊನೆಯ ಮರಿಗೆ ತೊಳೆಯುವಾಗ ಯಾರನ್ನಾದರೂ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದಳು. "ಒಂದೀಟು ನೋಡ್ಕೋತ ಕೂಡ್ರಿ," ಅನ್ನುತ್ತಿದ್ದಳು. ಒಬ್ಬಳೇ ಕೂತು ತೊಳೆಯುವುದು ಅವಳಿಂದ ಮತ್ತೆ ಆಗಲೇ ಇಲ್ಲ. ಸಾವುಕಾರ ಅದನ್ನು ದಿನಾ ನೋಡುತ್ತಿದ್ದ.

ಈಗ ನಮ್ಮ ಮಾತಿಗೆ ಬರೋಣ.

ನಾವು ಯಾರೂ ಬಂಗಾರ ತೊಳೆಯುವವರಲ್ಲ. ಆದರೆ ನಮ್ಮ ಮನೆಯಲ್ಲಿ ಕಿವಿಯೋಲೆ ಕಾಣದಿದ್ದರೆ ಮೊದಲು ಯಾರ ಮೇಲೆ ಕಣ್ಣು ಹೋಗುತ್ತದೆ? ಪಾತ್ರೆ ತಿಕ್ಕುವವಳ ಮೇಲೆ. ಅಂಗಡಿಯಲ್ಲಿ ಲೆಕ್ಕ ತಪ್ಪಿದರೆ? ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ಹುಡುಗನ ಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ? ಸೊಸೆಯ ಮೇಲೆ. ಉಪ್ಪು ಅತ್ತೆಯೇ ಎರಡನೇ ಸಲ ಹಾಕಿರುತ್ತಾರೆ, ಅದು ಬೇರೆ ಮಾತು! ನಗುತ್ತೀರಿ. ನಗಿ. ನಕ್ಕವರ ಮನೆಯಲ್ಲಿ ನಡೆದದ್ದೇ ಇದು. ಇನ್ನು ಮುಂದೆ ಏನಾದರೂ ಕಳೆದರೆ, ಬೇರೆಯವರ ಸೆರಗಿಗೆ ಕೈ ಹಾಕುವ ಮೊದಲು ನಿಮ್ಮ ಜೇಬು ನೋಡಿಕೊಳ್ಳಿ, ನಿಮ್ಮ ಹಾಸಿಗೆ ಕೊಡವಿ, ನಿಮ್ಮ ಅವಸರವನ್ನು ಕೇಳಿ. ಅದು ಮೊದಲನೆಯ ಮಾತು, ಅದು ಸುಲಭದ ಮಾತು.

ಕಷ್ಟದ್ದು ಆಮೇಲಿನದು. ನಾವು ಬೈಯುವುದು ಎಲ್ಲಿ? ಪಡಸಾಲೆಯಲ್ಲಿ, ಬಂದ ನೆಂಟರ ಮುಂದೆ. ಕ್ಷಮೆ ಕೇಳುವುದು ಎಲ್ಲಿ? ಅಡುಗೆಮನೆಯ ಮೂಲೆಯಲ್ಲಿ, ಯಾರಿಗೂ ಕೇಳದ ಹಾಗೆ. ಅದೂ ಬಾಯಿಂದ ಕೇಳುವುದಿಲ್ಲ, ಒಂದು ಸೀರೆ ತಂದುಕೊಟ್ಟು ಮುಗಿಸುತ್ತೇವೆ. ಹಾಗಲ್ಲ. ಎಲ್ಲಿ ಅಂದಿರೋ ಅಲ್ಲಿ ಹೇಳಿ. ಯಾರ ಮುಂದೆ ಅಂದಿರೋ ಅವರ ಮುಂದೆ ಹೇಳಿ. ಕೂಸಾದರೂ ಸರಿ, ಓಣಿಯ ಹುಡುಗರ ಮುಂದೆ ಸುಮ್ಮಸುಮ್ಮನೆ ಹೊಡೆದಿದ್ದರೆ, ಆ ಹುಡುಗರ ಮುಂದೆಯೇ ಹೇಳಿ.

ಹೇಳುವಾಗ "ತಪ್ಪಾಯಿತು" ಅನ್ನುತ್ತೇವಲ್ಲ, ಅದನ್ನು ಸ್ವಲ್ಪ ಕಿವಿಗೊಟ್ಟು ಕೇಳಿಕೊಳ್ಳಿ. ಆಯಿತಂತೆ! ಮಳೆ ಆಯಿತು, ಬೆಳಗಾಯಿತು, ತಪ್ಪಾಯಿತು. ತನ್ನಷ್ಟಕ್ಕೆ ತಾನೇ ಆಗಿಹೋಯಿತಂತೆ, ನಮ್ಮ ಕೈ ಅದರಲ್ಲಿ ಇಲ್ಲವಂತೆ! ನಾಳೆಯಿಂದ ಹಾಗೆನ್ನಬೇಡಿ. "ತಪ್ಪು ಮಾಡಿದೆ" ಅನ್ನಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಮಾತು. ಒಮ್ಮೆ ಅಂದು ನೋಡಿ, ನಾಲಿಗೆಗೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ.

ಆಚೆ ಪ್ರಸಾದ ಸಿದ್ಧವಾಗಿದೆ, ಪಂಕ್ತಿ ಹಾಕುತ್ತಿದ್ದಾರೆ. ನೀವು ಯಾರ ಬಗ್ಗೆ ಏನೋ ಅಂದಿದ್ದೀರೋ ಅವರೂ ಈ ಊರವರೇ, ಅವರೂ ಅದೇ ಪಂಕ್ತಿಯಲ್ಲಿ ಕೂರುತ್ತಾರೆ. ಹುಡುಕಿಕೊಂಡು ಹೋಗಿ ಅವರ ಪಕ್ಕದ ಎಲೆಗೆ ಕೂರಿ. ಹೇಳಬೇಕಾದದ್ದನ್ನು ಅನ್ನ ಬಡಿಸುವವರಿಗೂ ಕೇಳುವ ಹಾಗೆ ಹೇಳಿ. ಆಮೇಲೆ ಊಟ ಮಾಡಿ.